ವಾರಿಜಾ ಮಾತು ಮುಗಿಸುವವರೆಗೆ

ದೂಜ ಪೂಜಾರಿಯವರು ಮುಂಬಯಿಯ ಫೋರ್ಟ್ ಪ್ರದೇಶದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಅವರೂ ಹೆಂಡತಿ ವಾರಿಜಾ ಅವರೂ ಅಲ್ಲಿನ ಕನ್ನಡ ನಾಟಕಗಳಲ್ಲಿ ಗಂಡ ಹೆಂಡತಿಯಾಗಿಯೇ ಪಾತ್ರ ಮಾಡುತ್ತ ಬಂದಿದ್ದರು. ಈ ಸಲ ರಿಹರ್ಸಲ್ ನಡೆಯುತ್ತಿರುವಾಗಲೇ ದೂಜರು ರೈಲ್ವೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಗಂಡನ ಪಾತ್ರಕ್ಕೆ ಬೇರೆಯವರು ಬರುವುದಕ್ಕೆ ವಾರಿಜಾ ಒಪ್ಪಲಿಲ್ಲ. ಆಗ ನಿರ್ದೇಶಕ ಹಿತೇಶ್ ಕಥೆಯನ್ನೇ ತುಸು ಬದಲಿಸಿದ. ಊರಿಗೆ ಹೋದ ಗಂಡ ವಿಡಿಯೊ ಕರೆಯಲ್ಲಿ ಹೆಂಡತಿಯೊಂದಿಗೆ ಮಾತಾಡುತ್ತಾನೆ. ದೂಜರ ಮಾತುಗಳನ್ನು ಭಾಂಡುಪ್‌ನ ಅವರ ಮನೆಯಲ್ಲೇ ಚಿತ್ರೀಕರಿಸಿದರು.

ಅದನ್ನು ರಂಗದ ಪರದೆಗೆ ತರುವ ಕೆಲಸ ತಂಡದ ತಂತ್ರಜ್ಞೆ ನಿಖಿತಾಳದು. ಚಿತ್ರಗಳನ್ನು ಪರದೆಗೆ ಬಿಡಲು ಬಾಡಿಗೆಗೆ ತಂದ ವಿಡಿಯೊ ಸರ್ವರ್ ಮೊದಲ ದಿನವೇ ಕಾಡಿತು. ಬಟನ್ ಒತ್ತಿದರೆ ಆಜ್ಞೆ ಆ ಯಂತ್ರದ ಬೇರೆ ಪೋರ್ಟಿಗೆ, ಅಂದರೆ ಬೇರೆ ದಾರಿಗೆ, ಹೋಗಿ ದೂಜರ ಬದಲು ಕೊನೆಯ ದೃಶ್ಯದ ಸಮುದ್ರ ಮೂಡಿತು. ಪೋರ್ಟ್ ಸರಿಪಡಿಸಿದ ಮೇಲೆ ಚಿತ್ರ ತಡವಾಗಿ ಹೊರಟಿತು. ಹಿಂದಿನ ಯಾವುದೋ ಕಾರ್ಯಕ್ರಮಕ್ಕಾಗಿ, ಆಜ್ಞೆ ಬಂದ ಮೇಲೂ ತುಸು ಕಾಯುವಂತೆ ಸರ್ವರನ್ನು ಹೊಂದಿಸಿಟ್ಟಿದ್ದರು. ನಿಖಿತಾ ಆ ಕಾಯುವಿಕೆಯನ್ನು ತೆಗೆದುಹಾಕಿದಳು.

ಆದರೂ ಚಿತ್ರ ಒಂದೇ ಸಮನೆ ಓಡುತ್ತಿದ್ದುದರಿಂದ ಪರದೆಯ ದೂಜರು ಹೆಂಡತಿಯ ಮಾತಿನ ನಡುವೆಯೇ ಬಾಯಿ ಹಾಕುತ್ತಿದ್ದರು. ವಾರಿಜಾ ಗಲಿಬಿಲಿಗೊಂಡು ಕೂತುಬಿಟ್ಟರು. ಇವರು ಯಾವತ್ತೂ ಹೀಗೆ ಮಾಡಿದವರಲ್ಲ ಎಂದಷ್ಟೇ ಹೇಳಿದರು.

ನಿಖಿತಾ ಚಿತ್ರವನ್ನು ತುಂಡು ತುಂಡಾಗಿ ಕತ್ತರಿಸಿದಳು. ಪ್ರತಿ ತುಂಡೂ ತನ್ನ ಮೊದಲ ಫ್ರೇಮಿನಲ್ಲೇ ನಿಂತು, ಆಜ್ಞೆ ಬಂದಾಗ ಮಾತ್ರ ಓಡುವಂತೆ ಮಾಡಿದಳು. ಬಟನ್ನಿನ ಪೆಟ್ಟಿಗೆಗೆ ಉದ್ದದ ತಂತಿ ಜೋಡಿಸಿ, ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿ ರಿಹರ್ಸಲ್ ನೋಡಲು ಬರುವಷ್ಟಾಗಿದ್ದ ದೂಜರ ಮಡಿಲಲ್ಲಿಟ್ಟಳು.

"ಅಂಕಲ್, ನೀವೇ ಒತ್ತಿ. ಆಂಟಿಗೆ ಉತ್ತರ ಯಾವಾಗ ಬೇಕು ಅಂತ ನನಗೆ ಸಮಝ್ ಆಗುದಿಲ್ಲ. ನಿಮಗೆ ಗೊತ್ತುಂಟಲ್ಲ."

ಪ್ರದರ್ಶನದ ಸಂಜೆ ದೂಜರು ಸಭಾಂಗಣದ ಹಿಂಬದಿಯಲ್ಲಿ, ಸರ್ವರ್ ಪಕ್ಕ ಕೂತರು. ಮಾತುಕತೆ ಮನೆಯಲ್ಲಿ ನಡೆದಷ್ಟೇ ಸಲೀಸಾಗಿ ಸಾಗಿತು. ವಾರಿಜಾ ಉಸಿರೆಳೆದುಕೊಂಡರೆ ಪರದೆಯ ದೂಜರು ಕಾದರು. ಆಕೆ ಮುನಿಸಿಕೊಂಡರೆ ಇನ್ನೂ ತುಸು ಕಾದರು. ಕೊನೆಗೆ ಗಂಡನಿಗೆ ಊರಲ್ಲಿ ಬೇಜಾರಾಗುತ್ತದೆಯೇ ಎಂದು ಹೆಂಡತಿ ಕೇಳಬೇಕಿತ್ತು. ವಾರಿಜಾ ಪರದೆಗೆ ಬೆನ್ನು ಹಾಕಿ, ಕತ್ತಲಾಗಿದ್ದ ಸಭಾಂಗಣದ ಹಿಂಬದಿಗೆ ನೋಡಿದರು.

"ಸೊಂಟ ಇನ್ನೂ ನೋಯ್ತದಾ?"

ಅದು ನಾಟಕದಲ್ಲಿ ಇಲ್ಲದ ಮಾತು. ನಿಖಿತಾ ಗಾಬರಿಯಿಂದ ದೂಜರತ್ತ ತಿರುಗಿದಳು. ಅವರ ಬೆರಳು ಬಟನ್ನಿನ ಮೇಲೆ ಅಲುಗದೆ ನಿಂತಿತ್ತು, ಕಣ್ಣು ತುಂಬಿತ್ತು. ಕಣ್ಣೊರೆಸಿಕೊಂಡು ಒತ್ತಿದರು.

"ನಿನ್ನ ಮುಖ ನೋಡಿದೆನಲ್ಲ," ಎಂದರು ಪರದೆಯ ದೂಜರು, "ಈಗ ಅಡ್ಡಿಯಿಲ್ಲ."

ಜನ ಚಪ್ಪಾಳೆ ತಟ್ಟಿದರು. ಬಣ್ಣ ತೊಳೆಯದೆಯೇ ಬಂದ ವಾರಿಜಾ ಗಾಲಿಕುರ್ಚಿಯ ಹಿಡಿ ಹಿಡಿದುಕೊಂಡರು. ಬಿದ್ದ ದಿನದಿಂದ ಯಾರು ಕೇಳಿದರೂ ನೋವಿಲ್ಲ ಎನ್ನುತ್ತಿದ್ದ ದೂಜರು ಹೆಂಡತಿಯ ಕೈಮೇಲೆ ಕೈಯಿಟ್ಟರು.

"ನೋಯ್ತದೆ ಮಾರಾಯ್ತಿ, ತುಂಬ," ಎಂದರು.

ವಾರಿಜಾ ಅಲ್ಲೇ ನೆಲದ ಮೇಲೆ ಕೂತು ಅವರ ಕಾಲನ್ನು ಮೆಲ್ಲಗೆ ಒತ್ತತೊಡಗಿದರು. ನಿಖಿತಾ ಸದ್ದಾಗದಂತೆ ತಂತಿ ಸುತ್ತಿಕೊಂಡಳು.