ಭಾನುವಾರ ರಾತ್ರಿಯಿಂದ

ಟಕ್. ಗಡಿಯಾರವಲ್ಲ, ಗಡಿಯಾರ ಅಡುಗೆಮನೆಯಲ್ಲಿದೆ, ಇದು ಮುದುಕನ ಗಂಟಲಿನದು, ಉಸಿರು ಒಳಗೆ ಹೋಗುವ ಮುನ್ನ ಎಲ್ಲೋ ತಡೆದು ಆಮೇಲೆ ಬಿಡುವ ಸದ್ದು, ಒದ್ದೆ ಮರದ ಚಿಲಕ ಸರಿದ ಹಾಗೆ, ಆರು, ಮಾರೆಡ್ ಬೆರಳು ಮಡಚಿದಳು, ಆರು, ಇನ್ನು ಏಳು ಬರಬೇಕು, ಬಾ, ಬಾರಪ್ಪ, ಬಂತು, ಏಳು — ಹನ್ನೊಂದು ಗಂಟೆ ಹತ್ತು ನಿಮಿಷ, ಹೊರಗೆ ಬೀದಿಯಲ್ಲಿ ಯಾರದೋ ಕಾರಿನ ಬಾಗಿಲು, ಆಂಬುಲೆನ್ಸ್ ಅಲ್ಲ, ಆಂಬುಲೆನ್ಸಿನ ಬಾಗಿಲು ಇಷ್ಟು ಹಗುರಾಗಿ ಬಡಿಯುವುದಿಲ್ಲ, ಎಂಟು, ಒಂಬತ್ತು, ನಿಮಿಷ ಮುಗಿಯಿತು. ಒಂಬತ್ತು. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದ್ರೆ ಕಾಯ್ಬೇಡಿ, ತಕ್ಷಣ ಮತ್ತೆ ಫೋನ್ ಮಾಡಿ ಎಂದಿದ್ದಳು ಸಹಾಯವಾಣಿಯ ನರ್ಸ್, ಅವಳ ದನಿಯಲ್ಲಿ ಗಾಬರಿಯೇ ಇರಲಿಲ್ಲ, ಅದೇ ಮಾರೆಡ್‌ಗೆ ಹೆಚ್ಚು ಗಾಬರಿ ಹುಟ್ಟಿಸಿತ್ತು, ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ, ಅವರ ವಯಸ್ಸು, ಎಂಬತ್ಮೂರು, ಶ್ವಾಸಕೋಶ ಹೇಗಿದೆ — ಮೂವತ್ತೊಂದು ವರ್ಷ ಈ ಕಣಿವೆಯ ಬಸ್ಸು ಓಡಿಸಿ, ಸ್ಟಾಪಿಗೊಂದು ಸಿಗರೇಟು ಸೇದಿದ ಐವರ್ ಪ್ರೋಸರ್‌ನ ಶ್ವಾಸಕೋಶ ಹೇಗಿರುತ್ತದೆ, ತೂತು ಬಿದ್ದ ಚೀಲ, — ಬೆನ್ನುನೋವಿನ ಮಾರ್ಫಿನ್ ಮಾತ್ರೆ ಎರಡು, ನಿದ್ದೆಯದು ಎರಡು, ಒಂದೊಂದು ಕೊಡಬೇಕಾದಲ್ಲಿ ಎರಡೆರಡು, ಒಂದು ಜೊತೆ ಏಳು ಗಂಟೆಗೆ ಹೊಸ ಕಂಪನಿಯ ಹುಡುಗಿ ಕೊಟ್ಟದ್ದು, ಇನ್ನೊಂದು ಜೊತೆ ಒಂಬತ್ತೂ ಮುಕ್ಕಾಲಿಗೆ ನಾನು, ಎಂದು ಹೇಳುವಾಗ ಆ ನಾನು ನಾಲಿಗೆಗೆ ಅಂಟಿಕೊಂಡು ಬೇಗ ಹೊರಬರಲಿಲ್ಲ. ಆಂಬುಲೆನ್ಸ್ ಕಳಿಸ್ತೀವಿ, ಆದ್ರೆ ಇವತ್ತು ತುಂಬ ಕರೆ ಇದೆ, ನೀವು ಪಕ್ಕ ಬಿಟ್ಟು ಏಳ್ಬೇಡಿ, ಎಣಿಸ್ತಾ ಇರಿ. ಎಣಿಸುತ್ತಿದ್ದಾಳೆ. ಒಂದು. ಬಾಯಿ ತೆರೆದೇ ಇದೆ, ಕೆಳದವಡೆ ಜೋತುಬಿದ್ದಿದೆ, ಮಾತ್ರೆಯ ಜೊತೆ ಕೊಟ್ಟ ಜಾಮಿನ ಕೆಂಪು ಇನ್ನೂ ನಾಲಿಗೆಯ ಮೇಲಿದೆ, ಅದನ್ನು ನೋಡಬಾರದು, ಎದೆಯನ್ನು ನೋಡಬೇಕು, ಹೊದಿಕೆ ಏಳುತ್ತದಲ್ಲ, ಅಲ್ಲಿ. ಎರಡು.

ಭಾನುವಾರ ರಾತ್ರಿಯಿಂದ. ಕೌನ್ಸಿಲ್‌ನ ಕಾಗದದಲ್ಲಿ ಹಾಗೇ ಇತ್ತು, ಕಣಿವೆಯ ಮೇಲ್ಭಾಗದ ನೂರ ಹನ್ನೆರಡು ಮನೆಗಳಲ್ಲಿನ ಮುದುಕರ ಆರೈಕೆಯ ಗುತ್ತಿಗೆ ಭಾನುವಾರ ರಾತ್ರಿಯಿಂದ ಹೊಸ ಸಂಸ್ಥೆಗೆ ವರ್ಗವಾಗುತ್ತದೆ, ಮನೆಗಳ ಜೊತೆಗೆ ಆರೈಕೆ ಮಾಡುವ ಹೆಂಗಸರೂ. ಕೌನ್ಸಿಲ್ ಕಚೇರಿಯಲ್ಲಿ ಸಭೆ ಕರೆದಿದ್ದರು, ಹಿಂದಿನ ಸಾಲಿನಲ್ಲಿ ಒಣಗಿದ ಕೇಕು ಜಗಿಯುತ್ತ ಜೊತೆಗೆ ಕೆಲಸ ಮಾಡುವ ಡೆಲಿತ್ ಕಿವಿಯಲ್ಲಿ ಉಸುರಿದ್ದಳು, ಕುರಿ ಸಂತೆ ಕಣೇ ಇದು, ಬೆನ್ನ ಮೇಲಿನ ಹಳೆ ಒಡೆಯನ ನೀಲಿ ಗುರುತು ಕೆರೆದು ಹಸಿರು ಬಳಿಯೋದೊಂದು ಬಾಕಿ, ಮಾರೆಡ್‌ಗೆ ನಗು ತಡೆಯಲಾಗಿರಲಿಲ್ಲ, ವಾರದ ಮೇಲೆ ನಿಜಕ್ಕೂ ಹಸಿರು ಅಂಗಿಯೇ ಬಂತು, ಪ್ಲಾಸ್ಟಿಕ್ ಚೀಲದಲ್ಲಿ, ಎರಡು ಅಳತೆ ದೊಡ್ಡದು, ನಾಳೆ ಬೆಳಗ್ಗೆ ತೊಡಬೇಕಾದದ್ದು. ಮೂರು. ರಾತ್ರಿಯಿಂದ ಎಂದರೆ ಆ ರಾತ್ರಿ ಸೇರಿಯೋ, ಬಿಟ್ಟೋ? ಅವಳು ಕೇಳಿದ್ದಳು, ಕೇಳದೆ ಬಿಡುವ ಜಾತಿಯಲ್ಲ ಅವಳು, ಒಲೆ ಆರಿಸಿದೆನೇ ಎಂದು ಬಸ್‌ಸ್ಟಾಪಿನಿಂದ ಮರಳಿ ಮನೆಗೆ ಓಡಿ ನೋಡುವವಳು. ಹಳೆ ಕಂಪನಿಯ ಮೇಲ್ವಿಚಾರಕಿ ಲಿನೆಟ್ ಫೋನಿನಲ್ಲೇ ನಕ್ಕಳು, ಅಯ್ಯೋ ಮಾರೆಡ್, ಹನ್ನೆರಡು ಹೊಡೆಯೋ ತನಕ ನೀನು ನಮ್ಮವಳೇ, ರಾತ್ರಿ ಮಲಗಿಸೋ ಭೇಟಿ ನಮ್ಮದೇ, ಅದಕ್ಕೂ ಇದಕ್ಕೂ ತಲೆ ಕೆಡಿಸ್ಕೊಂಡು ಸಾಯ್ಬೇಡ. ಹೊಸ ಕಚೇರಿಯಲ್ಲೂ ಒಬ್ಬಳು ಲಿನೆಟ್ ಇದ್ದಿರಬೇಕು, ಅವಳೂ ಹೀಗೇ ನಕ್ಕು, ಭಾನುವಾರ ರಾತ್ರಿಯಿಂದ ಅಂದ್ರೆ ಭಾನುವಾರ ರಾತ್ರಿನೂ ನಮ್ಮದೇ ಅಂದಿರಬೇಕು. ಎರಡು ಮನೆಯ ನೆಂಟ ಉಪವಾಸ ಮಲಗಿದ ಎನ್ನುತ್ತಾರೆ, ಇಲ್ಲಿ ಎರಡು ಮನೆಯವರೂ ಬಡಿಸಿದರು. ನಾಲ್ಕು — ತಡವಾಯಿತೇ? ಈ ಸಲ ತಡವಾಯಿತೇ? ಯಾರು ಬಂದರು, ಏನು ಕೊಟ್ಟರು ಎಂದು ಬರೆದಿಡುವ ಪುಸ್ತಕವಾದರೂ ಇದ್ದಿದ್ದರೆ, ಆರು ವರ್ಷದಿಂದ ಟಿವಿಯ ಪಕ್ಕ ಇರುತ್ತಿದ್ದ ನೀಲಿ ಪುಸ್ತಕ, ಅದು ಕಂಪನಿಯ ಸ್ವತ್ತು ಎಂದು ಲಿನೆಟ್ ಶುಕ್ರವಾರವೇ ಹೊತ್ತೊಯ್ದಳು, ಹೊಸಬರದು ಎಲ್ಲ ಫೋನಿನಲ್ಲಿ, ಆ ಫೋನು ಮಾರೆಡ್‌ಗೆ ಸಿಗುವುದು ನಾಳೆ. ಟಿವಿಯ ಪಕ್ಕ ಈಗ ಧೂಳಿಲ್ಲದ ಒಂದು ಚೌಕ. ಲಿನೆಟ್‌ಗೆ ಆಗಲೇ ಮೂರು ಸಲ ಫೋನ್ ಮಾಡಿದ್ದಾಳೆ, ಮೂರು ಸಲವೂ ಯಂತ್ರವೇ ಮಾತಾಡಿತು, ಬೇರೆ ಮನೆಗಳಲ್ಲೂ ಹೀಗಾಗಿರಬಹುದು, ಕೂಡಲೇ ಎಲ್ಲರಿಗೂ ತಿಳಿಸಿ ಎಂದು ಯಂತ್ರಕ್ಕೇ ಹೇಳಿದಳು.

ಹಾಲಿನ ಲೋಟ ತೊಳೆಯಲು ಅಡುಗೆಮನೆಗೆ ಹೋದಾಗ ಕಂಡದ್ದು, ಮೈಕ್ರೋವೇವ್ ಮೇಲೆ ಔಷಧಿ ಅಂಗಡಿಯ ಹೊಸ ಹಾಳೆ, ವಾರದ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಒಂದೊಂದು ಗುಳಿಯಲ್ಲಿ ಕೂರಿಸಿ ಬೆಳ್ಳಿ ಕಾಗದ ಮುಚ್ಚಿದ್ದು, ನಾಳೆಯಿಂದ ಒಡೆಯಬೇಕಾದದ್ದು, ಅದರ ಮೊದಲ ರಾತ್ರಿಯ ಗುಳಿ ಖಾಲಿ. ಮಂಚದ ಪಕ್ಕ ಇಟ್ಟಿದ್ದ ಹಳೆ ಹಾಳೆಯ ಕೊನೆಯ ಗುಳಿಯನ್ನು ಅವಳು ಆಗಷ್ಟೇ ಒತ್ತಿ ಬಂದಿದ್ದಳು. ನಲ್ಲಿಯ ನೀರು ಬಿಸಿಯಾಗುತ್ತ ಆಗುತ್ತ ಬೆರಳು ಸುಡುವವರೆಗೂ ಹಾಗೇ ನಿಂತಿದ್ದಳು. ಪಕ್ಕದಲ್ಲೊಂದು ಚೀಟಿ, ತೆಂದಾಯಿ ಎಂಬ ಹೆಸರು, ಹೊಸ ಕಂಪನಿಯ ಮುದ್ರೆ, ಫೋನ್ ನಂಬರು, ಕೊನೆಗೆ ಪೆನ್ನಿನಲ್ಲಿ ಬಿಡಿಸಿದ ನಗುವ ಮುಖ. ಆ ನಂಬರಿಗೆ ಫೋನ್ ಮಾಡಿದಾಗ ತೆಂದಾಯಿ ಮನೆಗೆ ಹೋಗುವ ಬಸ್ಸಿನಲ್ಲಿದ್ದಳು, ಹೂಂ ಅಕ್ಕಾ, ಕೊಟ್ಟೆ, ಏಳೂ ಹತ್ತಕ್ಕೆ, ಫೋನಲ್ಲಿ ಒತ್ತಿದೀನಿ, ತುಂಬಾ ಒಳ್ಳೆ ಅಜ್ಜ, ಮೇಕೆ ಬಸ್ಸು ಹತ್ತಿದ ಕಥೆ ಹೇಳಿದ್ರು, ಯಾಕಕ್ಕಾ? ಯಾಕೆಂದು ಹೇಳಿದ ಮೇಲೆ ಆ ಕಡೆಯಿಂದ ಇಂಜಿನ್ನಿನ ಸದ್ದಿನ ನಡುವೆ ಅಳು, ನಾನು ಈ ದೇಶಕ್ಕೆ ಬಂದು ಮೂರು ವಾರ ಅಕ್ಕಾ, ನನ್ನ ವಾಪಸ್ ಕಳಿಸಿಬಿಡ್ತಾರೆ, ಹರಾರೆಲಿ ನನ್ನ ಮಗು ಅಮ್ಮನ ಹತ್ರ ಇದೆ, ಇವತ್ತಿನ ಪಟ್ಟಿಲಿ ಅಜ್ಜನ ಹೆಸರಿತ್ತು, ಆಣೆ ಮಾಡ್ತೀನಿ, ಇತ್ತು. ನಿನ್ನ ತಪ್ಪಿಲ್ಲ ಕಣೇ, ಅಳ್ಬೇಡ, ನಿಂಗೆ ಯಾರೂ ಹೇಳಿರ್ಲಿಲ್ಲ, ಎಂದಳು ಮಾರೆಡ್. ಎಂದ ಕೂಡಲೇ ಹೊಳೆಯಿತು. ತನಗೆ ಹೇಳಿದ್ದರು.

ಇವನೇ ಹೇಳಿದ್ದ. ಐದು. ಆರು ವರ್ಷದಿಂದ ದಿನವೂ ಅದೇ ಆಟ, ಮಾತ್ರೆ ಎಂದ ಕೂಡಲೇ, ತಗೊಂಡಾಯ್ತಲ್ಲ ಬಾಚ್ — ಬಾಚ್ ಎಂದರೆ ಅವನ ಬಾಯಲ್ಲಿ ಪುಟ್ಟಿ, ಐವತ್ತು ದಾಟಿದವಳೂ ಪುಟ್ಟಿಯೇ — ಆಗ್ಲೇ ನುಂಗಿ ನೀರು ಕುಡಿದೆ ಬಾಚ್, ಅವಳು, ಸುಳ್ಳುಬುರುಕರೇ, ನರಕಕ್ಕೆ ಹೋಗೋ ಬಸ್ಸಲ್ಲಿ ಮೊದಲನೇ ಸೀಟು ನಿಮ್ಗೇ, ಬಾಯಿ ತೆಗೀರಿ, ಅವನು, ಸೀಟು ಯಾಕೆ, ಬಸ್ಸು ಓಡಿಸೋನೇ ನಾನು, ನಗು, ತೆರೆದ ಬಾಯಿ. ಇವತ್ತೂ ಹೇಳಿದ. ಇವತ್ತು ಎರಡು ಸಲ ಹೇಳಿದ, ಎರಡನೆಯ ಸಲ ನಗಲಿಲ್ಲ. ಇಲ್ಲ ಬಾಚ್, ಇವತ್ತು ನಿಜವಾಗ್ಲೂ, ಇನ್ನೊಬ್ಬಳು ಬಂದು ಕೊಟ್ಟಳು. ಇನ್ನೊಬ್ಬಳು ಎಂದದ್ದು ಅವಳ ಕಿವಿಗೆ ಬಿದ್ದಿತ್ತು, ಬಿದ್ದದ್ದನ್ನು ಪಕ್ಕಕ್ಕೆ ಸರಿಸಿದಳು, ಹೋದ ತಿಂಗಳು ಸತ್ತ ಹೆಂಡತಿ ಬಂದು ಟೀ ಕೊಟ್ಟಳೆಂದಿದ್ದನಲ್ಲ, ಇದೂ ಹಾಗೇ, ಕಾಲು ನೋಯುತ್ತಿತ್ತು, ಮನೆಗೆ ಹೋಗಿ ಹಸಿರು ಅಂಗಿಗೆ ಹೊಲಿಗೆ ಹಾಕಬೇಕಿತ್ತು, ಹೋಗಿ ನೋಡಲು ಅಡುಗೆಮನೆ ಆರು ಹೆಜ್ಜೆ, ಆರೇ ಹೆಜ್ಜೆ. ಬಾಯಿ ತೆಗೀರಿ ಐವರ್, ಹೊತ್ತಾಯ್ತು. ಅವನು ಅವಳ ಮುಖ ನೋಡಿದ, ತನ್ನ ನೆನಪೇ ತಪ್ಪಿತೇನೋ ಎಂಬಂತೆ ನೋಡಿದ, ಆಮೇಲೆ ತೆರೆದ. ಅವನು ಎದ್ದರೆ ಹೇಳುತ್ತಾನೆ. ಹೇಳಿದ್ನಲ್ಲ ಬಾಚ್, ನೀನೇ ಕೇಳ್ಲಿಲ್ಲ. ಎಲ್ಲರ ಮುಂದೆ, ಹೊಸ ಕಂಪನಿ, ಹಳೆ ಕಂಪನಿ, ಕೌನ್ಸಿಲ್. ಏಳದಿದ್ದರೆ — ಅವಳು ಸ್ಟೂಲು ಉರುಳುವಂತೆ ಎದ್ದು ನಿಂತಳು, ಇದು ಯಾರ ಯೋಚನೆ, ಯಾರು ಒಳಗೆ ಬಂದು ಇದನ್ನು ಯೋಚಿಸಿದರು, ಅವನ ಎರಡೂ ಭುಜ ಹಿಡಿದು ಅಲುಗಿಸಿದಳು, ಐವರ್, ಏಳಿ, ಸ್ಟಾಪು ಬಂತು, ಇಳೀಬೇಕು, ಏಳ್ರೀ, ಎಷ್ಟು ಎಣಿಸಿದ್ದೆ, ಆರೋ ಏಳೋ, ಎಣಿಕೆ ತಪ್ಪಿತು, ಮೊದಲಿನಿಂದ, ಒಂದು, ಗೋಡೆಯ ಮೇಲೆ ಏನೋ ನೀಲಿ ಹಾಯಿತು, ಎರಡು, ಪರದೆಯ ಮೇಲೆ, ಹೊದಿಕೆಯ ಮೇಲೆ, ಅವನ ಹಣೆಯ ಮೇಲೆ ನೀಲಿ, ಬಾಗಿಲು, ಬಾಗಿಲು ತೆರೆಯಬೇಕು.

ಆಂಬುಲೆನ್ಸಿನವರು ಇಬ್ಬರು, ಒಬ್ಬ ಗಂಡಸು, ಒಬ್ಬಳು ಹುಡುಗಿ, ಅವರ ಬೂಟಿಗೆ ಕೋಣೆ ಸಾಲದು, ಹುಡುಗಿ ಅವನ ತೊಡೆಗೆ ಮಾರ್ಫಿನ್ ಇಳಿಸುವ ಸೂಜಿ ಚುಚ್ಚಿದಳು, ಕಾದರು, ಮೂವರೂ ಒಂದೇ ಎದೆಯನ್ನು ನೋಡುತ್ತ, ಆಮೇಲೆ ಟಕ್, ಮತ್ತೆ ಟಕ್, ಹತ್ತಿರ ಹತ್ತಿರ, ನಿಮಿಷಕ್ಕೆ ಹನ್ನೆರಡು ಎಂದಳು ಹುಡುಗಿ, ಪರವಾಗಿಲ್ಲ, ಬರ್ತಿದ್ದಾರೆ, ಗಟ್ಟಿ ಮುದುಕ. ಅವನ ರೆಪ್ಪೆ ಅದುರಿತು. ಮಾರೆಡ್‌ಗೆ ಅಳು ಬಂತು, ಅಳುವಿನ ಹಿಂದೆಯೇ ಭಯ, ಮೊದಲಿನದಲ್ಲ, ಬೇರೆ. ಗಂಡಸು ಕಾಗದ ತೊಡೆಯ ಮೇಲಿಟ್ಟು ಬರೆಯುತ್ತಿದ್ದ, ಎರಡು ಕಂಪನಿಯವರೂ ಕೊಟ್ಟಿದ್ದು, ಗುತ್ತಿಗೆ ಕೈ ಬದಲಾದ ರಾತ್ರಿ, ಸರಿ, ನೋಡಮ್ಮ, ನೀವು ಕೊಡೋ ಮುಂಚೆ ಇವರು ಏನಾದ್ರೂ ಹೇಳಿದ್ರಾ, ಆಗ್ಲೇ ತಗೊಂಡಿದೀನಿ ಅಂತೇನಾದ್ರೂ? ಇಲ್ಲ, ಎಂದಳು, ಏನೂ ಹೇಳ್ಲಿಲ್ಲ, ಎಷ್ಟು ಸಲೀಸಾಗಿ ಬಂತು ಆ ಮಾತು, ಅವನು ಬರೆದುಕೊಂಡ, ಬರೆದಾಯಿತು. ಇನ್ನು ಯಾರಿಗೂ ಹೇಳುವುದಿಲ್ಲ, ಲಿನೆಟ್‌ಗೆ ಇಲ್ಲ, ಡೆಲಿತ್‌ಗೆ ಇಲ್ಲ, ಎಲ್ಲೋ ಅಳುತ್ತ ಕೂತಿರುವ ಆ ತೆಂದಾಯಿಗೂ ಇಲ್ಲ, ಕಾಗದದ ತಪ್ಪು, ರಾತ್ರಿಯಿಂದ ಎಂಬ ಪದದ ತಪ್ಪು, ಹಾಗೇ ಇರಲಿ, ಸಾಯುವ ತನಕ ಹಾಗೇ, ಅವನು ಹೇಳಿದರೆ? ಹೇಳಲಿ, ಮರೆವಿನ ಮುದುಕ, ಅವನ ಮಾತು ಯಾರು ನಂಬುತ್ತಾರೆ, ಯಾರು ನಂಬುತ್ತಾರೆ — ಹುಡುಗಿ ಮುಖದ ಹತ್ತಿರ ಬಗ್ಗಿ ಟಾರ್ಚು ಹಿಡಿದಳು, ತಾತಾ, ಕೇಳಿಸ್ತಿದೆಯಾ, ಸ್ವಲ್ಪ ಬಾಯಿ ತೆಗೀರಿ ನೋಡೋಣ, ಅವನು ತೆರೆದ, ಏನು ಎತ್ತ ಕೇಳದೆ ತೆರೆದ, ನಾಲಿಗೆಯ ಮೇಲೆ ಜಾಮಿನ ಕೆಂಪು, ತೆರೆದ ಬಾಯಿ, ತೆರೆದ ಬಾಯಿ