ಪೇಂಟರ್‌ಗಳು ಬೇಕಾಗಿದ್ದಾರೆ

ಆಳಂದದ ಬಸ್ ನಿಲ್ದಾಣದ ಎದುರಿನ 'ಕಲ್ಯಾಣ ಆರ್ಟ್ಸ್' ಅಂಗಡಿಗೆ ಎಂಬತ್ನಾಲ್ಕರಲ್ಲಿ ಶುಕ್ರದೆಸೆ ಬಂದಿತ್ತು. ಸಹಕಾರ ಸಂಘದವರು ಹನ್ನೆರಡು ಹಳ್ಳಿಗಳ ಶಾಖೆಗಳಿಗೆ ಹನ್ನೆರಡು ಬೋರ್ಡು ಬರೆಯಲು ಹೇಳಿದ್ದರು. ಗಡುವು ಹದಿನೈದು ದಿನ. ತಪ್ಪಿದರೆ ಕೆಲಸ ಗುಲಬರ್ಗಾದ ಪೇಂಟರನ ಪಾಲು. ಒಬ್ಬನಿಂದ ಆಗುವ ಮಾತಲ್ಲವೆಂದು ಅಂಗಡಿಯ ಮಾಲೀಕ ಕಲ್ಯಾಣಪ್ಪ 'ಪೇಂಟರ್‌ಗಳು ಬೇಕಾಗಿದ್ದಾರೆ' ಎಂದು ಬಾಗಿಲಿಗೆ ಬರೆದು ಹಾಕಲು ಹೊರಟ.

ಸುಣ್ಣದಲ್ಲಿ ಗೀಚಿದ್ದರೂ ಸಾಕಿತ್ತು. ಆದರೆ ಕಲ್ಯಾಣಪ್ಪನ ಕೈ ಗೀಚುವ ಕೈಯಲ್ಲ. ಕೆಂಪು ಅಕ್ಷರ, ಹಳದಿ ಅಂಚು, ಹಿಂದೆ ನೀಲಿ ನೆರಳು ಎಂದು ನಾಲ್ಕು ದಿನ ಅದರಲ್ಲೇ ಮುಳುಗಿದ. ಹನ್ನೆರಡು ತಗಡುಗಳು ಗೋಡೆಗೆ ಒರಗಿ ಅವನ ದಾರಿ ಕಾಯುತ್ತಿದ್ದವು.

"ಮಂದಿ ಕೆಲಸಕ್ಕ ಬರ್ಲಿ ಅಂತ ಬರ್ಯಾಕತ್ತೀರೋ, ನೋಡಿ ಹೊಗಳಲಿ ಅಂತೋ?" ಬುತ್ತಿ ತಂದ ಹೆಂಡತಿ ಶಿವಕಾಂತಾ ಕೇಳಿದಳು. ಅವನು ನೀಲಿ ನೆರಳಿನ ಅಂಚು ತಿದ್ದುತ್ತಲೇ ಇದ್ದ.

ಬೋರ್ಡು ಬಾಗಿಲ ಮೇಲೆ ಏರಿದ ಮೇಲೆ ಐದು ಜನ ಬಂದರು. ಒಬ್ಬೊಬ್ಬರಿಗೂ ತಗಡಿನ ತುಂಡು ಕೊಟ್ಟು 'ಕ' ಬರೆಸಿದ. ಒಬ್ಬನ ಕ-ಕ್ಕೆ ಹೊಟ್ಟೆ ಬಂದಿತ್ತು, ಇನ್ನೊಬ್ಬನದು ಕುಡಿದವನಂತೆ ವಾಲಿತ್ತು. ಲೊಚಗುಟ್ಟಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಎಲ್ಲರನ್ನೂ ಸಾಗಹಾಕಿದ.

ಆರನೆಯವಳು ಫಕ್ರುನ್ನಿಸಾ, ಊರ ಹೆಂಗಸರ ಸೆರಗಿಗೆ ಕಸೂತಿಯ ನಕ್ಷೆ ಬರೆದುಕೊಡುತ್ತಿದ್ದ ಹುಡುಗಿ. ಅವಳ ಕ ನೆಟ್ಟಗೆ ನಿಂತಿತ್ತು.

"ತಲೆಕಟ್ಟು ಉದ್ದಾತು," ಎಂದು ಅದನ್ನೂ ಒರೆಸಿದ.

ಅವಳು ಕದಲಲಿಲ್ಲ. "ಕಾಕಾ, ಬೋರ್ಡು 'ಬೇಕಾಗ್ಯಾರ' ಅಂತದ, ನೀವು ಬ್ಯಾಡ ಅಂತೀರಿ. ಅದರ ಮ್ಯಾಲೂ ಬಿಳಿ ಬಣ್ಣ ಬಳದುಬಿಡ್ರಿ. ಸುಮ್ನ ಮಂದಿ ಯಾಕ ಬಂದು ಹೋಗಬೇಕು?"

ಮಾತು ನಾಟಿತು. ಕಲ್ಯಾಣಪ್ಪ ರೋಷದಿಂದ ಅಗಲ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ ಸ್ಟೂಲು ಹತ್ತಿದ. ಮೊದಲ ಅಕ್ಷರದ ಹತ್ತಿರ ಕೈ ನಿಂತೇ ಹೋಯಿತು. ಬಣ್ಣ ಅವನ ಧೋತರದ ಮೇಲೆ ತೊಟ್ಟಿಕ್ಕಿತು.

"ನಾಕ್ ದಿನದ ಕೆಲಸ ಅದವ್ವ," ಎಂದ.

"ನಂದೂ ಕೆಲಸಾನೇ ಇತ್ರಿ, ಕಾಕಾ. ಒರಸೂಮುಂದ ನಿಮ್ಮ ಕೈ ನಿಲ್ಲಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು. ಇಳಿದು ಬಂದು, "ನಾಳಿ ಒಂಬತ್ತಕ್ಕ ಬಾ," ಎಂದ. ಹಿಂದೆ ಸಾಗಹಾಕಿದವರಲ್ಲಿ ಇಬ್ಬರಿಗೂ ಅಂದೇ ಹೇಳಿಕಳಿಸಿದ. ಬೋರ್ಡು ಅಳಿಸುವ ಧೈರ್ಯವಿಲ್ಲದ ಮೇಲೆ ಅದರ ಮಾತು ನಡೆಸದೆ ಗತಿಯಿರಲಿಲ್ಲ.

ಹದಿನೈದನೆಯ ದಿನ ಹನ್ನೆರಡೂ ಬೋರ್ಡು ಸಾಲಾಗಿ ನಿಂತವು. ಕಡಗಂಚಿ ಶಾಖೆಯದು ಪೂರ್ತಿ ಫಕ್ರುನ್ನಿಸಾಳ ಕೈಯದು, ಮೊದಲ ಅಕ್ಷರವೇ ಕ. ತಲೆಕಟ್ಟು ಈಗಲೂ ತುಸು ಉದ್ದವೇ ಇತ್ತು. ಕಲ್ಯಾಣಪ್ಪ ಸೀಮೆಎಣ್ಣೆ ಬಟ್ಟೆ ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

ಅವನು ಆ ಬಟ್ಟೆಯಲ್ಲಿ ತನ್ನ ಕೈ ಒರೆಸಿಕೊಂಡು, ಸಣ್ಣ ಬ್ರಷ್ಷನ್ನು ಅವಳತ್ತ ಚಾಚಿದ. "ಮೂಲ್ಯಾಗ ಅಂಗಡಿ ಹೆಸರು ನೀನೇ ಬರಿ."