ತಣ್ಣೀರಿನ ಬಟ್ಟಲು

“ಕೈ ಮುಚ್ಕಳೇ ಮುಂಡೆ! ಸಾಹೇಬ್ರು ಈಗ್ತಾನೆ ಊಟ ಮಾಡವ್ರೆ, ವಾಂತಿ ಮಾಡ್ಕಂಡಾರು!”

ಮುನಿಶಾಮಮ್ಮ ಮುಂದಕ್ಕೆ ಚಾಚಿದ್ದ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಗಂಡ ಚಲಪತಿ ಗಟ್ಟಿಮುಟ್ಟಾಗಿ ಬದುಕಿದ್ದ. ಹಿತ್ತಲಲ್ಲಿ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಒಲೆಗೆ ಹೊಟ್ಟು ತುಂಬುತ್ತಿದ್ದ. ಆದರೂ ವೆಂಕಟರಾಮಪ್ಪನ ಬಾಯಲ್ಲಿ ಅವಳು ಮುಂಡೆಯೇ. ಮದುವೆಯಾಗಿ ಈ ಊರಿಗೆ ಬಂದ ದಿನದಿಂದಲೂ ಆ ಮನೆಯಲ್ಲಿ ಅವಳಿಗೆ ಅದೇ ಹೆಸರು.

ಜಗಲಿಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಫಿಲೇಚರಿನ ಯಜಮಾನ ವೆಂಕಟರಾಮಪ್ಪ. ಇನ್ನೊಂದರಲ್ಲಿ ಸರ್ವೆಯ ಭಾನುಪ್ರಕಾಶ್, ತೊಡೆಯ ಮೇಲೆ ಟ್ಯಾಬು. ಜಿಲ್ಲೆಯಲ್ಲಿ ಯಾರು ದುಡಿಯುತ್ತಾರೆ, ಯಾರು ಖಾಲಿ ಕೂತಿದ್ದಾರೆ, ವರ್ಷದಿಂದ ವರ್ಷಕ್ಕೆ ಜನರ ಬದುಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಳೆಯಲು ಅವನು ಬಂದಿದ್ದ. ಕೆಂಚಾರ್ಲಹಳ್ಳಿ ದಾಟಿದರೆ ಸಿಗುವ ಈ ಊರಿನಲ್ಲಿ ಕೆಲವು ಮನೆಗಳನ್ನು ಆರಿಸಿದ್ದರಂತೆ. ಮೂರು ತಿಂಗಳಿಗೊಮ್ಮೆ ಅವೇ ಮನೆಗಳಿಗೆ ಬಂದು ಅವೇ ಪ್ರಶ್ನೆ ಕೇಳುವುದಂತೆ. ಕಾಲೊನಿಯಲ್ಲಿ ಆರಿಸಿದ್ದು ಮುನಿಶಾಮಮ್ಮನ ಮನೆ. ಸಾಹೇಬರು ಕಾಲೊನಿಯವರೆಗೆ ಯಾಕೆ ಕಾಲು ಸವೆಸಬೇಕು ಎಂದು ಯಜಮಾನ ಅವಳನ್ನೇ ಕರೆಸಿದ್ದ. ಅವಳು ಕುದಿನೀರಿನ ಬೇಸಿನ್ ಬಿಟ್ಟು ಎದ್ದು ಬಂದು ಜಗಲಿಯ ಕೆಳಗೆ ಬಿಸಿಲಲ್ಲಿ ನಿಂತಿದ್ದಳು.

ಕಳೆದ ಏಳು ದಿನದಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ ಎಂದು ಅವನು ಕೇಳಿದ್ದ. ಅದಕ್ಕೆ ಉತ್ತರವಾಗಿ ಅವಳು ಕೈ ತೋರಿಸಿದ್ದಳು. ರೇಷ್ಮೆಗೂಡು ಬೇಯಿಸಿ ಎಳೆ ತೆಗೆಯುವವರ ಕೈ ಅದು. ಉಗುರಿರಬೇಕಾದ ಕಡೆ ಉಗುರಿಲ್ಲ, ಬೆರಳ ಸಂದಿಯಲ್ಲಿ ಕೀವು, ಅಂಗೈಯ ಚರ್ಮ ಬಿಳಿಚಿ ಸುಲಿದಿತ್ತು. ಸತ್ತ ಹುಳುವಿನ ವಾಸನೆ ಯಾವ ಸೋಪಿಗೂ ಬಿಡದು.

“ಆ ಕೈಗೆ ಏನಾಗಿದೆ?” ಎಂದ ಭಾನುಪ್ರಕಾಶ್.

“ಚರ್ಮದ ಕಾಯ್ಲೆ ಸಾರ್. ಅವ್ರ ವಂಶದಾಗೇ ಐತೆ,” ಎಂದ ವೆಂಕಟರಾಮಪ್ಪ. “ಅವ್ಳನ್ನೇನ್ ಕೇಳ್ತೀರಾ, ನಾನ್ ಹೇಳ್ತೀನಿ ಬರ್ಕಳ್ಳಿ. ಮನೇಲಿರ್ತಾಳೆ. ಅಡಿಗೆ ಮಾಡ್ಕಂಡು, ಮಗಳ್ನ ನೋಡ್ಕಂಡು. ನಮ್ಮ ಮನ್ಯಾಗೆ ಏನಾರ ಇದ್ರೆ ಕೈಯಾಸರೆಗೆ ಬತ್ತಾಳೆ, ಅಷ್ಟೇ.”

“ಬೇರೆ ಕೆಲಸ ಏನಾದ್ರೂ ಹುಡುಕ್ತಿದ್ದಾರಾ?”

“ಯಾಕ್ ಹುಡುಕ್ತಾಳೆ ಸಾರ್? ಅವ್ಳಿಗೇನ್ ಕಮ್ಮಿ ಮಾಡಿದ್ದೀವಿ ನಾವು?”

“ಸಾಮೀ, ಕೋಳಿ ಕೂಗೋವಾಗ ಬೇಸಿನ್ ಮುಂದೆ ಕುಂತ್ಕಂಡ್ರೆ ನಾನು...” ಎಂದು ಮುನಿಶಾಮಮ್ಮ ಬಾಯಿ ತೆರೆದಳು.

“ಮುಚ್ಚೇ ಬಾಯಿ! ಓದಿದೋರು ಮಾತಾಡೋವಾಗ ನಿಂದೇನೇ ನಡುವೆ?”

ಭಾನುಪ್ರಕಾಶನ ಬೆರಳು ಟ್ಯಾಬಿನ ಮೇಲೆ ಒಂದು ಕ್ಷಣ ತಡೆಯಿತು. ಆಮೇಲೆ ಮನೆಕೆಲಸ ಎಂದಿದ್ದಲ್ಲಿ ಒತ್ತಿತು. ಅಷ್ಟರಲ್ಲಿ ಅಮ್ಮನನ್ನು ಹುಡುಕಿಕೊಂಡು ಬಂದ ಮಗಳು ತನುಜ ಜಗಲಿಯ ಮೂಲೆಯಲ್ಲಿದ್ದ ನೀರಿನ ಕ್ಯಾನು ಕಂಡು, ಪಕ್ಕದಲ್ಲಿದ್ದ ಲೋಟಕ್ಕೆ ನೀರು ಹಿಡಿದು ಗಟಗಟ ಕುಡಿದಳು. ಹತ್ತನೇ ಕ್ಲಾಸಿನ ಹುಡುಗಿ. ಸ್ಕೂಲಿನಿಂದ ನಡೆದು ಬಂದವಳು, ಬಾಯಾರಿತ್ತು.

ವೆಂಕಟರಾಮಪ್ಪ ಕೂತಲ್ಲಿಂದಲೇ ಕ್ಯಾನನ್ನು ಒದ್ದ. ನೀರು ಜಗಲಿಯಿಂದ ಇಳಿದು ಮುನಿಶಾಮಮ್ಮನ ಪಾದದ ತನಕ ಬಂತು.

“ಯಾವಳೇ ನಿನ್ ಮಗಳು? ಲೌಡಿ ತಂದು! ನಿಮ್ಗೆ ಅಂತ ಹಿಂದ್ಗಡೆ ಬೇರೆ ಕೊಡ ಇಟ್ಟಿಲ್ವೇನೇ? ಏ ಸುನೀಲಾ, ಈ ಕ್ಯಾನ್ ತಗಂಡೋಗಿ ಬಿಸಾಕೋ!”

ಅದೇ ಕ್ಯಾನಿನ ನೀರು ತುಂಬಿದ ಇನ್ನೊಂದು ಲೋಟ ಭಾನುಪ್ರಕಾಶನ ಕೈಯಲ್ಲಿತ್ತು. ಅವನು ಅದನ್ನು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ.

“ಸಾರ್, ತಪ್ಪು ತಿಳ್ಕಬೇಡಿ, ತಾವು ಯಾವ ಪೈಕಿ?” ಎಂದ ವೆಂಕಟರಾಮಪ್ಪ ನಗುತ್ತಾ.

“ನಾವು ಬೆಂಗಳೂರು ಕಡೆ ಸಾರ್,” ಎಂದು ಹೇಳಿ ಅವನು ನೀರು ಕುಡಿದ. ಅವನ ಕಣ್ಣು ತನ್ನನ್ನು ತಪ್ಪಿಸಿಕೊಂಡ ರೀತಿಯಲ್ಲೇ ಮುನಿಶಾಮಮ್ಮನಿಗೆ ಅವನೂ ತಮ್ಮ ಪೈಕಿಯೇ ಎಂದು ಗೊತ್ತಾಯಿತು. ಅವಳಿಗೆ ಅವನ ಮೇಲೆ ಉಗಿಯಬೇಕೆನಿಸಿತು.

ಅವನ ಬೈಕು ಮರೆಯಾದ ಮೇಲೆ ವೆಂಕಟರಾಮಪ್ಪ ಮಗ ಸುನೀಲ್‌ಕುಮಾರನಿಗೆ ಅಲ್ಲೇ ಪಾಠ ಹೇಳಿದ. “ಇವ್ರುನ್ನೆಲ್ಲ ಕೂಲಿಯೋರು ಅಂತ ಬರ್ಸಿದ್ರೆ ನಾಳೆ ಲೇಬರ್ ಆಫೀಸ್ನೋರು ಬಾಗ್ಲಿಗೆ ಬಂದ್ ನಿಂತ್ಕತಾರೆ ಕಣೋ. ಇನ್ಶೂರೆನ್ಸು, ಆಸ್ಪತ್ರೆ, ಮಣ್ಣು ಮಸಿ. ಮನೇಲಿರೋರು ಅಂದ್ರೆ ಮುಗೀತು.” ಮುನಿಶಾಮಮ್ಮ ಅಲ್ಲೇ ನಿಂತಿದ್ದಳು. ಅವಳ ಮುಂದೆ ದನಿ ತಗ್ಗಿಸಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.

ಮಾಗಿ ಕಳೆದು ಬಿಸಿಲು ಏರುವ ಹೊತ್ತಿಗೆ ಅವಳ ಬಲಗೈ ಬೆರಳುಗಳು ಮಡಿಸಲು ಬಾರದಾದವು. ಚಿಂತಾಮಣಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೈದು ಬೈದು ಬ್ಯಾಂಡೇಜು ಸುತ್ತಿದಳು. ಇನ್ನೊಂದು ಸಲ ಕುದಿನೀರಿಗೆ ಹಾಕಿದರೆ ಎರಡು ಬೆರಳು ತೆಗೆಯಬೇಕಾಗುತ್ತದೆ ಎಂದಳು. ಮುನಿಶಾಮಮ್ಮ ಕಟ್ಟಿದ ಕೈ ಹಿಡಿದು ಬಂದು ಫಿಲೇಚರಿನ ಬಾಗಿಲಲ್ಲಿ ನಿಂತಳು.

ವೆಂಕಟರಾಮಪ್ಪ ಅದೇ ತಾನೇ ಶಿಡ್ಲಘಟ್ಟದಿಂದ ಬಂದಿದ್ದ. ಅಲ್ಲಿ ಯಾವುದೋ ಸಭೆಯಲ್ಲಿ ಹೊದಿಸಿದ ಶಾಲು ಇನ್ನೂ ಹೆಗಲ ಮೇಲೇ ಇತ್ತು.

“ಕೇಳ್ರೇ ಎಲ್ಲಾರೂ! ನಮ್ ಕಡೆ ಕೆಲ್ಸ ಇಲ್ದೋರು ಕಮ್ಮಿಯಾಗವ್ರಂತೆ. ಸರ್ವೇಲಿ ಬಂದೈತಂತೆ. ಸ್ಟೇಜ್ ಮೇಲೆ ಹೇಳುದ್ರು.”

ಕೆಲಸ ಹುಡುಕದೆ ಮನೆಯಲ್ಲಿರುವ ಹೆಂಗಸರು ಕೆಲಸವಿಲ್ಲದವರ ಲೆಕ್ಕಕ್ಕೆ ಬರುವುದಿಲ್ಲವಂತೆ. ಹಾಗಾಗಿ ಮುನಿಶಾಮಮ್ಮ ದುಡಿಯುವವಳೂ ಅಲ್ಲ, ಕೆಲಸ ಇಲ್ಲದವಳೂ ಅಲ್ಲ. ಅವಳನ್ನು ಅಳಿಸಿ ಹಾಕಿದ್ದಕ್ಕೆ ಅವನಿಗೆ ಶಾಲು ಸಿಕ್ಕಿತ್ತು.

“ಯಜಮಾನ್ರೆ, ಕೈ ಹೋಗ್ತದಂತೆ,” ಎಂದಳು ಮುನಿಶಾಮಮ್ಮ. “ಡಾಕ್ಟ್ರಮ್ಮ ಬೇಸಿನ್ ಮುಟ್ಟಬೇಡ ಅಂತವ್ಳೆ. ಆಸ್ಪತ್ರೆಗೆ ಒಂದೀಟು...”

“ಮುಟ್ಟಬೇಡ ಬಿಡು. ಸೋಮವಾರದಿಂದ ನಿನ್ ಮಗಳ್ನ ಕಳ್ಸು. ಎಳೇ ಬೆರಳು, ಚೆನ್ನಾಗಿ ಓಡ್ತವೆ.”

“ಅವ್ಳು ಓದ್ತಾವ್ಳೆ ಯಜಮಾನ್ರೆ. ಪರೀಕ್ಸೆ ಐತೆ.”

“ಓದಿ ಏನ್ ಡಿ.ಸಿ. ಆಗ್ಬೇಕಾ? ನಿಮ್ ಮನೆ ಇರೋದು ನನ್ ಜಮೀನ್ನಾಗೆ. ಸೋಮವಾರ ಆ ಹುಡ್ಗಿ ಇಲ್ಲಿ ಇಲ್ಲಾಂದ್ರೆ ಮಂಗಳವಾರ ಜೆಸಿಬಿ ಬತ್ತದೆ. ಚಲಪತೀ, ಕೇಳಿಸ್ತೇನೋ?”

ಒಲೆಯ ಮುಂದೆ ಚಲಪತಿ ತಲೆಯೆತ್ತಲಿಲ್ಲ. “ಕೇಳಿಸ್ತು ಸಾಮಿ,” ಎಂದ. ಮನೆಗೆ ಹೋಗುವ ದಾರಿಯುದ್ದಕ್ಕೂ ಮುನಿಶಾಮಮ್ಮ ಅವನನ್ನು ಬೈದಳು. ಅವನ ಅಪ್ಪನನ್ನು, ಅವನ ಮೀಸೆಯನ್ನು, ಅವನಿಗೆ ತನ್ನನ್ನು ಕೊಟ್ಟ ತನ್ನ ಅಣ್ಣಂದಿರನ್ನು ಬೈದಳು. ಒಳಗೆ ತನುಜ ಗೋಡೆಗೆ ಒರಗಿ ಪಾಠ ಬಾಯಿಪಾಠ ಮಾಡುತ್ತಿದ್ದಳು. ಪುಟ ತಿರುವುವ ಆ ಬೆರಳುಗಳಿಗೆ ಇನ್ನೂ ಉಗುರುಗಳಿದ್ದವು. ಯಾರೋ ಗೆಳತಿ ಕೆಂಪು ಪಾಲಿಶ್ ಹಚ್ಚಿದ್ದಳು.

ಸೋಮವಾರ ಅವಳು ಮಗಳನ್ನು ಕರೆತಂದಳು. ಬೇರೆ ದಾರಿ ಕಾಣಲಿಲ್ಲ.

ಸಾಲಾಗಿ ಬೇಸಿನ್ನುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ಆವಿಯಲ್ಲಿ ಮುಖ ಮುಚ್ಚಿ ಹೋಗಿತ್ತು. ಶಿಡ್ಲಘಟ್ಟದ ಮಾರ್ಕೆಟ್ಟಿನಿಂದ ತಂದ ಒಳ್ಳೆಯ ಬಿಳಿಗೂಡು ಅವತ್ತು ಕುದಿಯುತ್ತಿತ್ತು. ಪ್ರತಿ ಬೇಸಿನ್ನಿನ ಪಕ್ಕ ಒಂದು ಅಲ್ಯೂಮಿನಿಯಂ ಬಟ್ಟಲು, ಅದರಲ್ಲಿ ತಣ್ಣೀರು.

“ಮೊದ್ಲು ತಣ್ಣೀರಿಗೆ ಅದ್ದಮ್ಮ,” ಎಂದಳು ಮುನಿಶಾಮಮ್ಮ ಮಗಳಿಗೆ. “ಅದ್ದಿ, ತಕ್ಷಣ ಗೂಡು ಹಿಡಿ, ಎಳೆ ತಗಿ, ಮತ್ತೆ ತಣ್ಣೀರಿಗೆ. ತಣ್ಣೀರು ಮರೆತ್ಯೋ, ಚರ್ಮ ಅಲ್ಲೇ ಕಿತ್ತು ಬತ್ತದೆ.”

ತನುಜ ಅದ್ದಿದಳು. ಕುದಿನೀರಿಗೆ ಬೆರಳಿಟ್ಟು ಚೀರಿದಳು. ಮತ್ತೆ ಅದ್ದಿ, ಮತ್ತೆ ಇಟ್ಟಳು. ಪಕ್ಕದ ಬೇಸಿನ್ನಿನ ವೆಂಕಟರತ್ನಮ್ಮ ಮುಖ ಆಚೆ ತಿರುಗಿಸಿಕೊಂಡಳು. ಅವಳ ಮಗಳೂ ಹೀಗೇ ಶುರು ಮಾಡಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ಭಾನುಪ್ರಕಾಶ್. ಮೂರು ತಿಂಗಳ ಸರದಿ ಬಂದಿತ್ತು. ಕಾಲೊನಿಯಲ್ಲಿ ಮನೆಗೆ ಬೀಗ ಕಂಡು ಇಲ್ಲಿಗೆ ಹುಡುಕಿಕೊಂಡು ಬಂದಿದ್ದ. ಅವನ ಹಿಂದೆಯೇ ವೆಂಕಟರಾಮಪ್ಪ ಪಂಚೆ ಎತ್ತಿಕೊಂಡು ಓಡೋಡಿ ಬಂದ.

“ಸಾರ್ ಸಾರ್, ಜಗಲಿ ಮೇಲೆ ಕುಂತ್ಕಳ್ಳಿ, ಇಲ್ಲಿ ವಾಸನೆ...”

“ಪರವಾಗಿಲ್ಲ. ಇವರದ್ದೇ ಮನೆ ಅಲ್ವಾ ನಮ್ಮ ಸ್ಯಾಂಪಲ್ಲು?” ಭಾನುಪ್ರಕಾಶ್ ಟ್ಯಾಬು ತೆರೆದ. “ಈಗಲೂ ಮನೆಕೆಲಸಾನೇನಾ?”

“ಅದೇ ಸಾರ್. ಏನೂ ಬದಲಾಗಿಲ್ಲ.”

“ಮಗಳು?”

“ಓದ್ತಾವ್ಳೆ. ಹತ್ತನೇ ಕ್ಲಾಸು.”

ತನುಜಳ ಬೆರಳು ಆಗ ಕುದಿನೀರಿನಲ್ಲಿತ್ತು. ಭಾನುಪ್ರಕಾಶ್ ಅದನ್ನು ನೋಡಿದ. “ಇವರೆಲ್ಲ?” ಎಂದ ಮೆಲ್ಲಗೆ, ಸಾಲಿನ ಕಡೆ ಕೈ ತೋರಿಸಿ.

“ಮನೇಲಿರೋರೇ. ಹೊತ್ತು ಹೋಗ್ದೆ ಬಂದ್ ಕುಂತಿರ್ತಾವೆ.”

ಭಾನುಪ್ರಕಾಶ್ ಒತ್ತಿದ. ಟ್ಯಾಬು ಟಿಂಗ್ ಎಂದಿತು.

ಮುನಿಶಾಮಮ್ಮ ಮಗಳ ಮಣಿಕಟ್ಟು ಹಿಡಿದು ಬೇಸಿನ್ನಿನಿಂದ ಎತ್ತಿದಳು. ಆ ಎರಡೂ ಕೈಗಳನ್ನು ತಣ್ಣೀರಿನ ಬಟ್ಟಲಿಗೆ ಅದ್ದಿ, ಬಟ್ಟಲನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ನೆಲಕ್ಕೆ ಕೂತಳು.

“ಏನೇ ಅದು? ಎಳೆ ಕಿತ್ತೋಯ್ತು ನೋಡೇ!”

“ನಾನು ಮನೇಲಿರೋಳು ಯಜಮಾನ್ರೆ. ಕೆಲ್ಸ ಮಾಡಾಕಿಲ್ಲ. ಈಗ್ತಾನೆ ಬರ್ಸಿದ್ರಲ್ಲ.”

“ಕೊಬ್ಬು ಬಂತೇನೇ ಮುಂಡೆ?”

“ನಾನು ಇಲ್ಲಿ ಕೆಲ್ಸಾನೇ ಮಾಡ್ದಿದ್ರೆ, ಯಾವ ಜಾಗಕ್ಕಯ್ಯಾ ನನ್ ಮಗಳ್ನ ಕರ್ಸಿದ್ದು ನೀನು?”

ಏಕವಚನ! ವೆಂಕಟರತ್ನಮ್ಮ ಬೇಸಿನ್ನಿನಿಂದ ಕೈ ಎತ್ತಿ, ತನ್ನ ಬಟ್ಟಲನ್ನು ಮಡಿಲಿಗೆ ಎಳೆದುಕೊಂಡು ಅದರಲ್ಲಿ ಅದ್ದಿದಳು. “ನಾನೂ ಹೊತ್ತು ಹೋಗ್ದೆ ಬಂದೋಳು,” ಎಂದು ನೆಲಕ್ಕಿಳಿದು ಕೂತಳು. ಆಮೇಲೆ ಅವಳ ಆಚೆಯವಳು. ಆಮೇಲೆ ಸಾಲಿಗೆ ಸಾಲೇ ಹಾಗೆ ಕೂತಿತು. ನೂಲು ಸುತ್ತುವ ರಾಟೆಗಳು ಬರಿದೇ ತಿರುಗುತ್ತಿದ್ದವು.

ಬೇಸಿನ್ನುಗಳಲ್ಲಿ ಗೂಡು ಬೇಯುತ್ತಲೇ ಇತ್ತು. ಹದ ಮೀರಿದರೆ ಎಳೆ ಸಿಗುವುದಿಲ್ಲ; ಬೆಂದು ಕರಗಿ ಗಂಜಿಯಾಗುತ್ತದೆ. ವೆಂಕಟರಾಮಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು.

“ಉರಿ ತಗಿಯೋ ಚಲಪತೀ! ಉರಿ ಆರ್ಸೋ ಸೂಳೇಮಗನೇ!”

ಚಲಪತಿ ಒಲೆಯ ಮುಂದಿನಿಂದ ಎದ್ದು ನಿಂತ. ಹೆಂಡತಿಯನ್ನು ನೋಡಿದ. ಆಮೇಲೆ ಮಂಕರಿಯೆತ್ತಿ, ಇನ್ನೊಂದಿಷ್ಟು ಹೊಟ್ಟನ್ನು ಒಲೆಗೆ ಸುರಿದ.

ವೆಂಕಟರಾಮಪ್ಪ ಬಗ್ಗಿ ತನುಜಳ ಜಡೆ ಹಿಡಿದ. ಹುಡುಗಿ ಬಟ್ಟಲಿನಿಂದ ಕೈ ತೆಗೆಯದೆ ಅಮ್ಮನ ಮೈಗೆ ಅಂಟಿಕೊಂಡಳು. ಎಳೆದರೂ ಬರಲಿಲ್ಲ. ಎದುರಿಗೆ ಬಿಳಿಗೂಡು ಕರಗುತ್ತಾ ನೊರೆ ಉಕ್ಕುತ್ತಿತ್ತು. ಜಡೆ ಬಿಟ್ಟು ಅವನು ಸೀದಾ ಬೇಸಿನ್ನಿಗೆ ತನ್ನ ಬಲಗೈ ಹಾಕಿದ, ಗೂಡು ಬಾಚಲೆಂದು. ಇಷ್ಟು ವರ್ಷ ಈ ಫಿಲೇಚರಿನಲ್ಲಿ ಕುರ್ಚಿ ಹಾಕಿಕೊಂಡು ಕೂತವನಿಗೆ ತಣ್ಣೀರಿನ ನೆನಪಾಗಲಿಲ್ಲ.

ಅವನ ಕಿರುಚಾಟಕ್ಕೆ ಹೊರಗೆ ನಾಯಿಗಳು ಬೊಗಳಿದವು. ಕೈ ಎತ್ತಿಕೊಂಡು ಕುಣಿದ. ಮಣಿಕಟ್ಟಿನ ತನಕ ಚರ್ಮ ಕೆಂಪಗಾಗಿ ಉಬ್ಬಿ, ಬೆರಳ ತುದಿಯಲ್ಲಿ ಸುಕ್ಕಾಗಿ ಜಾರಿತು.

“ಅಯ್ಯಪ್ಪಾ! ನೀರು! ತಣ್ಣೀರು ಕೊಡ್ರೇ! ಸಾರ್, ನೀರು!”

ಭಾನುಪ್ರಕಾಶ್ ಟ್ಯಾಬು ಹಿಡಿದು ಗೋಡೆಗೆ ಅಂಟಿ ನಿಂತಿದ್ದ. ಅಲುಗಲಿಲ್ಲ. ತಣ್ಣೀರಿದ್ದದ್ದು ಬಟ್ಟಲುಗಳಲ್ಲಿ, ಬಟ್ಟಲುಗಳಿದ್ದದ್ದು ಹೆಂಗಸರ ಮಡಿಲಲ್ಲಿ, ಪ್ರತಿ ಬಟ್ಟಲಲ್ಲೂ ಎರಡೆರಡು ಕೈ.

ಮುನಿಶಾಮಮ್ಮ ತನ್ನ ಬಟ್ಟಲನ್ನು ಎತ್ತಿ ಅವನ ಮುಂದೆ ಹಿಡಿದಳು. ತನುಜಳ ಕೈ ಇನ್ನೂ ಅದರಲ್ಲೇ ಇತ್ತು.

“ತಗಳಯ್ಯಾ. ಅದ್ದು. ನನ್ ಮಗಳು ಮುಟ್ಟಿರೋ ನೀರು, ಆಗ್ತದಾ ನಿಂಗೆ?”

ವೆಂಕಟರಾಮಪ್ಪ ಬಟ್ಟಲನ್ನು ನೋಡಿದ. ಸಾಲನ್ನು ನೋಡಿದ. ಸುಟ್ಟ ಕೈ ಬಟ್ಟಲಿನ ಅಂಚಿನ ತನಕ ಬಂತು, ಅಲ್ಲೇ ನಿಂತಿತು.

“ಬರ್ಕಳಪ್ಪಾ,” ಎಂದಳು ಮುನಿಶಾಮಮ್ಮ, ಭಾನುಪ್ರಕಾಶನ ಕಡೆ ತಿರುಗದೆಯೇ. “ಯಜಮಾನ್ರು ಬೇಸಿನ್ನಿಗೆ ಕೈ ಹಾಕವ್ರೆ. ಒಂದ್ ಗಂಟೆ ಆಗಿಲ್ಲ. ಮನೇಲಿರೋರು ಅಂತ್ಲೇ ಬರ್ಕ.”

ಹೊರಗೆ ಸುನೀಲ್‌ಕುಮಾರ ಫೋನಿನಲ್ಲಿ ಕೂಗಾಡುತ್ತಿದ್ದ: ಮಂಗಳವಾರ ಅಲ್ಲ ಕಣೋ, ಈಗಲೇ ಜೆಸಿಬಿ ತಗಂಬಾ, ಈಗಲೇ. ಒಳಗೆ ಯಾರೂ ಏಳಲಿಲ್ಲ. ಮುನಿಶಾಮಮ್ಮನ ತೋಳು ನೋಯತೊಡಗಿತು. ಆದರೂ ಅವಳು ಬಟ್ಟಲನ್ನು ಇಳಿಸಲಿಲ್ಲ.